ಕೈಯಂತ್ರಕ್ಕೆ ಮಾತು ಬಂದ ಚರಿತ್ರೆ

ಈ ಸ್ಮರಣಸಂಚಿಕೆಗೆ ಐತಿಹಾಸಿಕವಾದ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಾಡಿಕೆಯಂತೆ ನಮ್ಮ ಸೀಮೆಯ ಯಾವುದಾದರೊಂದು ಶಾಸನವನ್ನೋ, ಅಕ್ಕಲಕೋಟೆ ಜತ್ತ ಸಂಸ್ಥಾನಗಳ ಹಳೆಯ ದಫ್ತರಗಳನ್ನೋ ಕುರಿತು ನಾಲ್ಕು ಮಾತು ಬರೆಯಬೇಕೆಂದೇ ನಾವು ಎಣಿಸಿದ್ದೆವು. ಅಷ್ಟರಲ್ಲಿ ನಮ್ಮ ಶಾಲೆಯ ಕಚೇರಿಯಲ್ಲಿ ನಡೆದ ಒಂದು ಚಿಕ್ಕ ಸಂಗತಿ ನಮ್ಮ ಮನಸ್ಸನ್ನು ಬೇರೊಂದು ಕಡೆಗೆ ಎಳೆಯಿತು.

ಹತ್ತಿರದ ಹಳ್ಳಿಯ ವೃದ್ಧ ರೈತರೊಬ್ಬರು ಮೊಮ್ಮಗನ ಸಾಲಿ ದಾಖಲೆಯನ್ನು ತೆಗೆಸಿಕೊಳ್ಳಲು ಬಂದಿದ್ದರು. ಹುಡುಗನನ್ನು ಪಟ್ಟಣದ ಮರಾಠಿ ಶಾಲೆಗೆ ಸೇರಿಸುವುದೆಂದು ಮನೆಯವರು ನಿಶ್ಚಯಿಸಿದ್ದರು. ಗುಮಾಸ್ತರು ಕಾಗದ ಬರೆಯುವವರೆಗೆ ಬೆಂಚಿನ ಮೇಲೆ ಕುಳಿತ ಆ ಹಿರಿಯರು ಕಿಸೆಯಿಂದ ಮೊಬೈಲನ್ನು ತೆಗೆದು, ಬಾಯ ಹತ್ತಿರ ಹಿಡಿದು, "ಸೊಲ್ಲಾಪುರದಾಗ ತೊಗರಿ ಧಾರಣಿ ಎಷ್ಟ ಆಗ್ಯಾದ?" ಎಂದು ಕೇಳಿದರು. ಯಂತ್ರವು ಮೊದಲ ಸಲ ಸುಮ್ಮನಿತ್ತು. ಎರಡನೆಯ ಸಲ ಯಾವುದೋ ಸಿನಿಮಾದ ಹಾಡನ್ನು ತಂದು ಮುಂದಿಟ್ಟಿತು. ಮೂರನೆಯ ಸಲ ತನಗೆ ತಿಳಿಯಲಿಲ್ಲವೆಂದು ವಿನಯದಿಂದ ಹೇಳಿತು. ಹುಡುಗನು ಅದನ್ನು ಕೈಗೆ ತೆಗೆದುಕೊಂಡು, ನಾವು ಪಾಠ ಓದಿಸುವ ಧಾಟಿಯಲ್ಲಿಯೇ, "ಸೊಲ್ಲಾಪುರದಲ್ಲಿ ತೊಗರಿಯ ಬೆಲೆ ಎಷ್ಟು?" ಎಂದನು. ಅಕ್ಷರಗಳೆಲ್ಲ ತಪ್ಪಿಲ್ಲದೆ ಗಾಜಿನ ಮೇಲೆ ಮೂಡಿದವು. ಮುದುಕರು ನಕ್ಕು, "ಇದಕ್ಕ ಸಾಲಿ ಕನ್ನಡ ಅಷ್ಟ ತಿಳಿತದ ನೋಡ್ರಿ ಸರ್, ನಮ್ಮದು ತಿಳಿಯಂಗಿಲ್ಲ" ಎಂದರು. ನಮಗೆ ಅಷ್ಟು ಸುಲಭವಾಗಿ ನಗು ಬರಲಿಲ್ಲ. ಸಾಲಿ ಕನ್ನಡವನ್ನು ಕಲಿಸುವವರು ನಾವು. ಅದನ್ನು ಚೆನ್ನಾಗಿ ಕಲಿತ ಹುಡುಗ ದಾಖಲೆ ತೆಗೆದುಕೊಂಡು ಹೊರಟಿದ್ದಾನೆ. ಕನ್ನಡವನ್ನಲ್ಲದೆ ಬೇರೊಂದನ್ನು ಅರಿಯದ ಅಜ್ಜನ ಮಾತು ಯಂತ್ರಕ್ಕೆ ತಿಳಿಯದು. ಈ ತೊಡಕು ಎಲ್ಲಿಂದ ಹುಟ್ಟಿತೆಂಬುದನ್ನು ನೋಡಬೇಕೆಂದು ಹೊರಟಾಗ ಅದರ ಬೇರು ಬಹಳ ಹಿಂದಕ್ಕೆ ಹೋಯಿತು. ಆ ಬೇರನ್ನು ತಕ್ಕಮಟ್ಟಿಗೆ ಅಗೆದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೇ ಒಂದು ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಯಂತ್ರವು ನುಡಿಯುವುದು ಒಂದು ವಿದ್ಯೆ. ಯಂತ್ರವು ಕೇಳಿ ತಿಳಿಯುವುದು ಇನ್ನೊಂದು ವಿದ್ಯೆ. ಮಗುವು ಮೊದಲು ಕೇಳಿ ಅನಂತರ ನುಡಿಯುತ್ತದೆಂಬುದನ್ನು ಅರಿಯದವರಿಲ್ಲ. ಯಂತ್ರದ ಚರಿತ್ರೆಯಾದರೋ ಇದಕ್ಕೆ ತೀರ ವಿಪರೀತ. ಅದು ಮೊದಲು ನುಡಿಯಿತು. ಕೇಳುವುದನ್ನು ಕಲಿಯಲು ಮತ್ತೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ, ನಾಭಿಮೂಲದಿಂದ ಗಾಳಿಯ ಬಲದಿಂದ ಶಬ್ದವು ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿರುವುದು ಅಧ್ಯಾಪಕರೆಲ್ಲರಿಗೂ ವಿದಿತವೇ ಇದೆ. ವ್ಯಾಕರಣ ಪಾಠದಲ್ಲಿ ಆ ಉಪಮಾನವನ್ನು ನಾವು ಅವಸರದಿಂದ ದಾಟಿಬಿಡುತ್ತೇವೆ. ಆದರೆ ಗಾಳಿ, ಅದನ್ನು ನಡುಗಿಸುವ ಒಂದು ಮೂಲ, ಆ ನಡುಕಕ್ಕೆ ರೂಪು ಕೊಡುವ ಒಂದು ಕೊಳವೆ, ಈ ಮೂರೇ ಮುಂದೆ ಮಾತಿನ ಯಂತ್ರಗಳಿಗೆಲ್ಲ ಆಧಾರವಾದವು. ೧೭೯೧ರಲ್ಲಿ ವಿಯೆನ್ನಾದ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬವನು ತನ್ನ ನುಡಿಯಂತ್ರವನ್ನು ವಿವರಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಅದರಲ್ಲಿ ಶ್ವಾಸಕೋಶದ ಬದಲು ತಿದಿ, ಗಂಟಲಿನ ಬದಲು ವಾದ್ಯಗಳಲ್ಲಿರುವಂಥ ನಾಲಗೆಪಟ್ಟಿ, ಬಾಯಿಯ ಬದಲು ಕೈಯಿಂದ ಹಿಸುಕುವ ಮೆತ್ತನೆಯ ಕೊಳವೆ. ಹೀಗೆಂದ ಮಾತ್ರಕ್ಕೆ ಕೇಶಿರಾಜನಿಗೆ ಟೆಲಿಫೋನು ಗೊತ್ತಿತ್ತೆಂದು ಹೇಳಹೊರಡುವ ಉತ್ಸಾಹಿಗಳ ಸಾಲಿಗೆ ನಾವು ಸೇರಿದವರಲ್ಲ. ಬಲ್ಲವನ ಉಪಮಾನ ಒಮ್ಮೊಮ್ಮೆ ಬಹಳ ದೂರ ನಡೆಯುತ್ತದೆ, ಅಷ್ಟೆ.

ಕೆಂಪೆಲೆನ್ನನ ತಿದಿಯ ಸ್ಥಾನದಲ್ಲಿ ವಿದ್ಯುತ್ತು ಬಂದುದು ೧೯೩೯ರಲ್ಲಿ. ಆ ವರ್ಷ ನ್ಯೂಯಾರ್ಕಿನ ಜಾಗತಿಕ ಮೇಳದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಎಂಬವರ ವೋಡರ್ ಯಂತ್ರವು ಜನರೆದುರು ಮಾತನಾಡಿತು. ಹಾರ್ಮೋನಿಯಂ ನುಡಿಸುವಂತೆ ಒಬ್ಬ ತರುಣಿ ಅದರ ಕೀಲಿಗಳನ್ನು ಒತ್ತಬೇಕಾಗಿತ್ತು. ಇಂಥದನ್ನು ಕೈಯಲ್ಲಿ ಹಿಡಿಯುವ ಮಾತು ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ.

ಅದನ್ನು ಅಂಗೈಗೆ ಇಳಿಸಿದ ವಿದ್ಯೆಯ ಹಿಂದೆ ನಮ್ಮ ಬೆಂಗಳೂರಿನ ನೀರು ಕುಡಿದ ಒಬ್ಬರಿದ್ದಾರೆ. ಬಿಷ್ಣು ಅಟಲ್ ಅವರು ೧೯೩೩ರಲ್ಲಿ ಕಾನಪುರದಲ್ಲಿ ಹುಟ್ಟಿದವರು. ೧೯೫೫ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಡಿಪ್ಲೊಮಾ ಪಡೆದು, ೧೯೫೭ರಿಂದ ೧೯೬೦ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರದ ಉಪನ್ಯಾಸಕರಾಗಿದ್ದು, ೧೯೬೧ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರು ಬೆಳೆಸಿದ ವಿಧಾನವನ್ನು ರೇಖೀಯ ಪೂರ್ವಾನುಮಾನವೆಂದು ಕರೆಯಬಹುದು. ಜಪಾನಿನಲ್ಲಿ ಇಟಾಕುರಾ ಮತ್ತು ಸೈಟೋ ಎಂಬಿಬ್ಬರು ಹೆಚ್ಚು ಕಡಿಮೆ ಅದೇ ಕಾಲಕ್ಕೆ, ೧೯೬೬ರ ಸುಮಾರಿಗೆ, ಇದೇ ದಾರಿಯನ್ನು ಹಿಡಿದಿದ್ದರು. ವಿಧಾನದ ತಿರುಳನ್ನು ನಾವು ನಮ್ಮ ಮಕ್ಕಳಿಗೆ ಹೀಗೆ ಹೇಳುತ್ತೇವೆ. ಜೋಕಾಲಿಯು ಹಿಂದಿನ ಕೆಲವು ಕ್ಷಣಗಳಲ್ಲಿ ಎಲ್ಲೆಲ್ಲಿತ್ತೆಂದು ಗೊತ್ತಿದ್ದರೆ ಮುಂದಿನ ಕ್ಷಣ ಎಲ್ಲಿರುವುದೆಂದು ಬಹುಮಟ್ಟಿಗೆ ಹೇಳಬಹುದಷ್ಟೆ? ಮಾತಿನ ಅಲೆಯೂ ಹಾಗೆಯೇ. ಗಂಟಲು, ಬಾಯಿ, ನಾಲಗೆಗಳು ಯಂತ್ರದ ಗಡಿಬಿಡಿಗೆ ಸಿಕ್ಕಷ್ಟು ವೇಗವಾಗಿ ಆಕಾರವನ್ನು ಬದಲಿಸಲಾರವು. ಸೆಕೆಂಡಿನ ಐವತ್ತನೆಯ ಒಂದು ಭಾಗದವರೆಗೆ ಅವು ಹೆಚ್ಚು ಕಡಿಮೆ ನಿಂತಲ್ಲಿಯೇ ನಿಂತಿರುತ್ತವೆ. ಆದುದರಿಂದ ಅಲೆಯ ಹಿಂದಿನ ಹತ್ತು ಅಳತೆಗಳಿಗೆ ತಕ್ಕ ತೂಕ ಕೊಟ್ಟು ಕೂಡಿದರೆ ಹನ್ನೊಂದನೆಯದು ಸುಮಾರಾಗಿ ಸಿಕ್ಕುತ್ತದೆ. ಹಾಗಾದರೆ ಅಲೆಯನ್ನೆಲ್ಲ ಕೂಡಿಡುವುದೇಕೆ? ಆ ಹತ್ತು ತೂಕಗಳನ್ನು, ಧ್ವನಿಯ ಏರಿಳಿತ ಬಲಾಬಲಗಳನ್ನು ಮಾತ್ರ ಇಟ್ಟುಕೊಂಡರೆ ಸಾಕು; ಬೇಕಾದಾಗ ಅದರಿಂದ ಮಾತನ್ನು ಮತ್ತೆ ಕಟ್ಟಬಹುದು. ಮೂಟೆ ಜೋಳವನ್ನು ಹೊರುವ ಬದಲು ಬೀಜವನ್ನು ಕಿಸೆಯಲ್ಲಿ ಒಯ್ದ ಹಾಗೆ.

ಈ ಬೀಜದಿಂದ ಮೊದಲು ಎದ್ದ ಬೆಳೆ ಒಂದು ಮಕ್ಕಳ ಆಟಿಕೆ ಎಂಬುದು ನಮ್ಮಂಥ ಶಿಕ್ಷಕರಿಗೆ ವಿಶೇಷ ಸಂತೋಷದ ವಿಷಯ. ೧೯೭೮ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಸಂಸ್ಥೆ 'ಸ್ಪೀಕ್ ಅಂಡ್ ಸ್ಪೆಲ್' ಎಂಬ ಹಿಡಿಕೆಯುಳ್ಳ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಪಾಲ್ ಬ್ರೀಡ್‌ಲವ್, ರಿಚರ್ಡ್ ವಿಗ್ಗಿನ್ಸ್, ಲ್ಯಾರಿ ಬ್ರಾಂಟಿಂಗ್‌ಹ್ಯಾಮ್, ಜೀನ್ ಫ್ರಾಂಟ್ಸ್ ಎಂಬ ನಾಲ್ವರು ಅದನ್ನು ರೂಪಿಸಿದವರು. ಯಂತ್ರವು ಒಂದು ಇಂಗ್ಲಿಷ್ ಶಬ್ದವನ್ನು ಉಚ್ಚರಿಸುವುದು. ಮಗುವು ಅದರ ಕಾಗುಣಿತವನ್ನು ಕೀಲಿ ಒತ್ತಿ ಬರೆಯುವುದು. ಸರಿಯಾದರೆ ಶಭಾಸ್, ತಪ್ಪಾದರೆ ಇನ್ನೊಮ್ಮೆ. ಶುದ್ಧಲೇಖನ ಬರೆಸುವ ಮೇಷ್ಟರ ಕೆಲಸವನ್ನೇ ಅದು ವಹಿಸಿಕೊಂಡಿತ್ತು. ಒಂದೇ ಬೆರಳುಗುರಿನಷ್ಟರ ಸಿಲಿಕಾನ್ ಚೂರಿನ ಮೇಲೆ ಮನುಷ್ಯನ ಗಂಟಲನ್ನು ಕೂಡಿಸಿದ್ದು ಅದರಲ್ಲಿಯ ಹೊಸತನ. ಆಗ ಯಂತ್ರಕ್ಕೆ ಬಾಯಿ ಇತ್ತು, ಕಿವಿ ಇರಲಿಲ್ಲ.

ಇರಲಿ, ಇನ್ನು ಕಿವಿಯ ಕಥೆ. ೧೯೫೨ರಲ್ಲಿ ಬೆಲ್ ಪ್ರಯೋಗಾಲಯದ ಮೂವರು 'ಆಡ್ರಿ' ಎಂಬ ಯಂತ್ರವನ್ನು ಮಾಡಿದರು. ಆಳೆತ್ತರದ ಚೌಕಟ್ಟನ್ನು ತುಂಬಿಕೊಂಡಿದ್ದ ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮಾತ್ರ ತಿಳಿಯುತ್ತಿದ್ದವು. ಅದೂ ಒಬ್ಬನ ದನಿಗೆ ಹೊಂದಿಸಿಟ್ಟರೆ ಅವನೊಬ್ಬನದೇ. ೧೯೬೨ರಲ್ಲಿ ಸಿಯಾಟಲ್ ಮೇಳದಲ್ಲಿ ಐ.ಬಿ.ಎಂ. ಸಂಸ್ಥೆ ತೋರಿಸಿದ 'ಷೂಬಾಕ್ಸ್' ಯಂತ್ರಕ್ಕೆ ೧೬ ಶಬ್ದಗಳು ತಿಳಿಯುತ್ತಿದ್ದವು. ೧೯೬೯ರಲ್ಲಿ ಜಾನ್ ಪಿಯರ್ಸ್ ಎಂಬ ಹಿರಿಯ ವಿಜ್ಞಾನಿ ಈ ಪ್ರಯತ್ನಗಳೆಲ್ಲ ವ್ಯರ್ಥವೆಂಬರ್ಥದ ಒಂದು ಕಟುವಾದ ಪತ್ರವನ್ನು ಪ್ರಕಟಿಸಿ ಉತ್ಸಾಹಕ್ಕೆ ನೀರೆರಚಿದರು. ಮಾತನಾಡುವವನು ಏನು ಹೇಳುತ್ತಿದ್ದಾನೆಂಬ ಅರ್ಥವೇ ತಿಳಿಯದೆ ಬರಿಯ ಶಬ್ದವನ್ನು ಗುರುತಿಸುವುದು ಆಗದ ಮಾತೆಂಬುದು ಅವರ ವಾದ. ಅವರ ನಿರಾಶೆ ಹೆಚ್ಚಾಯಿತೆನ್ನಬಹುದು. ಆದರೆ ಆಕ್ಷೇಪಣೆಯ ತಿರುಳಿನಲ್ಲಿ ಹುರುಳಿತ್ತು.

ಆ ಕತ್ತಲೆಯಲ್ಲಿ ದೀಪ ಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ತೆಲುಗು ನಾಡಿನವರು. ರಾಜ್ ರೆಡ್ಡಿಯವರು ೧೯೩೭ರಲ್ಲಿ ಚಿತ್ತೂರು ಜಿಲ್ಲೆಗೆ ಸೇರಿದ್ದ ಕಾಟೂರು ಎಂಬ ಹಳ್ಳಿಯಲ್ಲಿ ಹುಟ್ಟಿ, ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ೧೯೬೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟು ಪಡೆದವರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅವರ ಬಳಗವು ೧೯೭೬ರ ಹೊತ್ತಿಗೆ 'ಹಾರ್ಪಿ' ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿತು; ಅದಕ್ಕೆ ೧,೦೧೧ ಶಬ್ದಗಳು ತಿಳಿಯುತ್ತಿದ್ದವು. ೧೯೯೪ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಅದೇ ಎಪ್ಪತ್ತರ ದಶಕದಲ್ಲಿ ಐ.ಬಿ.ಎಂ.ನ ಫ್ರೆಡರಿಕ್ ಜೆಲಿನೆಕ್ ಮೊದಲಾದವರು ಬೇರೊಂದು ಹಾದಿಯನ್ನು ಹಿಡಿದರು. ವ್ಯಾಕರಣ ಸೂತ್ರಗಳನ್ನು ಯಂತ್ರಕ್ಕೆ ಬೋಧಿಸುವ ಬದಲು ಲಕ್ಷಗಟ್ಟಲೆ ಮಾತುಗಳನ್ನು ಅದರ ಮುಂದೆ ಸುರಿದು, ಯಾವ ನಾದದ ಬಳಿಕ ಯಾವ ನಾದ, ಯಾವ ಶಬ್ದದ ಬಳಿಕ ಯಾವ ಶಬ್ದ ಎಷ್ಟು ಸಲ ಬರುತ್ತದೆಂದು ಎಣಿಸಲು ಬಿಡುವುದು. ವೈಯಾಕರಣರಿಗೆ ಇದು ರುಚಿಸದಿರಬಹುದು. ನಮಗೂ ಮೊದಲು ರುಚಿಸಲಿಲ್ಲ. ಆದರೆ ಗೆದ್ದದ್ದು ಎಣಿಕೆಯೇ. ಎಣಿಕೆಯು ಗೆದ್ದ ದಿನವೇ ಇನ್ನೊಂದು ಸಂಗತಿಯೂ ನಿರ್ಣಯವಾಗಿ ಹೋಯಿತು: ಯಾರ ಮಾತನ್ನು ಎಣಿಕೆಗೆ ತೆಗೆದುಕೊಂಡಿರುವರೋ ಅವರ ಮಾತು ಯಂತ್ರಕ್ಕೆ ತಿಳಿಯುವುದು, ಉಳಿದವರದು ತಿಳಿಯದು. ನಮ್ಮ ಕಚೇರಿಯ ಬೆಂಚಿನ ಮೇಲೆ ನಡೆದುದಕ್ಕೆ ಬೀಜ ಅಲ್ಲಿ ಬಿದ್ದಿತು.

ಮೊಬೈಲ್ ಫೋನಿನ ಸಾಮಾನ್ಯ ಚರಿತ್ರೆಯನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ೧೯೭೩ರ ಏಪ್ರಿಲ್ ೩ರಂದು ನ್ಯೂಯಾರ್ಕಿನ ಬೀದಿಯಿಂದ ಮಾರ್ಟಿನ್ ಕೂಪರ್ ಮೊದಲ ಕೈಫೋನಿನಲ್ಲಿ ಮಾತನಾಡಿದರು; ನಮ್ಮ ದೇಶದಲ್ಲಿ ೧೯೯೫ರ ಜುಲೈ ೩೧ರಂದು ಕಲಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸುಖರಾಮ್ ಅವರಿಗೆ ಮೊದಲ ಕರೆ ಮಾಡಿದರು. ಆದರೆ ಒಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆಟಿಕೆಯ ಗಂಟಲಿನಲ್ಲಿದ್ದ ಪೂರ್ವಾನುಮಾನದ ವಿದ್ಯೆಯೇ ಮೊಬೈಲಿನ ಗಂಟಲಿಗೂ ಬಂದಿತು. ಮನುಷ್ಯರ ಮಾತನ್ನು ಕಿರಿದಾಗಿಸಿ ಗಾಳಿಯಲ್ಲಿ ಕಳುಹಿಸಲು ಅದಕ್ಕಿಂತ ಅಗ್ಗದ ಹಾದಿ ಇರಲಿಲ್ಲ. ೧೯೮೫ರಲ್ಲಿ ಅಟಲ್ ಮತ್ತು ಶ್ರೋಡರ್ ಇಬ್ಬರೂ ಸೇರಿ ಅದನ್ನು ಮತ್ತಷ್ಟು ಸಂಸ್ಕರಿಸಿದರು. ಪುಣೆಯಲ್ಲಿ ದುಡಿಯುವ ಮಗ ಊರಿನ ತಾಯಿಯೊಡನೆ ಮಾತನಾಡುವಾಗ ಇಬ್ಬರ ನಡುವೆ ಹಾಯುವುದು ಪೂರ್ತಿ ದನಿಯಲ್ಲ, ದನಿಯ ಬೀಜ.

ಈಗ ನಮ್ಮ ಚರಿತ್ರೆಯ ಮುಖ್ಯವಾದ, ಆದರೆ ಬಹು ಬೇಗ ಮರೆತುಹೋದ ಅಧ್ಯಾಯಕ್ಕೆ ಬರೋಣ. ಮಾತನಾಡುವ ಕೈಯಂತ್ರಗಳೆಲ್ಲ ಕಡಲಾಚೆಯಿಂದಲೇ ಬಂದುವೆಂದು ನಮ್ಮ ತರುಣ ಶಿಕ್ಷಕರು ನಂಬಿರುವುದನ್ನು ಕಂಡಿದ್ದೇವೆ. ಅದು ಸರಿಯಲ್ಲ. ೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನದಿಂದ ಆಗಬಹುದಾದ ಪ್ರಯೋಜನವೇನೆಂಬುದರ ಮೇಲೆ ಒಂದು ಅಂತರರಾಷ್ಟ್ರೀಯ ಗೋಷ್ಠಿ ಸೇರಿತ್ತು. ಅದರ ಸಿದ್ಧತೆಯ ಹೊತ್ತಿನಲ್ಲಿ ಹುಟ್ಟಿದ ವಿಚಾರ ಸಿಂಪ್ಯೂಟರ್. ಓದು ಬರಹ ಬಾರದವನೂ, ಇಂಗ್ಲಿಷು ಬಾರದವನೂ ಬಳಸಬಲ್ಲ, ಕೈಯಲ್ಲಿ ಹಿಡಿಯಬಲ್ಲ ಅಗ್ಗದ ಕಂಪ್ಯೂಟರು ಬೇಕೆಂಬುದು ಅದರ ಸಂಕಲ್ಪ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಈ ನಾಲ್ವರೂ, ಬೆಂಗಳೂರಿನ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ ೧೯೯೯ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿದರು. ೨೦೦೧ರ ಏಪ್ರಿಲ್ ೨೫ರಂದು ಯಂತ್ರದ ಮಾದರಿಯನ್ನು ಲೋಕಕ್ಕೆ ತೋರಿಸಿದರು.

ಅಂಗೈಯಗಲದ ಗಾಜು, ಬರೆಯಲು ಒಂದು ಕಡ್ಡಿ, ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲೆಂದು ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು, ಒಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಇವೆಲ್ಲಕ್ಕಿಂತ ನಮ್ಮ ಗಮನಕ್ಕೆ ಬರಬೇಕಾದುದು ಅದರ ಬಾಯಿ. ಗಾಜಿನ ಮೇಲಿನ ಬರಹವನ್ನು ಓದಲಾರದವನಿಗೆ ಯಂತ್ರವೇ ಕನ್ನಡದಲ್ಲಿ, ಹಿಂದಿಯಲ್ಲಿ ಓದಿ ಹೇಳುವಂತೆ ಮಾಡಲು ರಮೇಶ್ ಹರಿಹರನ್ 'ಧ್ವನಿ' ಎಂಬ ತಂತ್ರಾಂಶವನ್ನು ರಚಿಸಿದ್ದರು. ಅದರ ಕ್ರಮ ನಮ್ಮ ವರ್ಣಮಾಲೆಗೆ ಹೇಳಿ ಮಾಡಿಸಿದಂತಿತ್ತು. ಸ್ವರಗಳನ್ನು, ವ್ಯಂಜನದಿಂದ ಸ್ವರಕ್ಕೆ ಹೊರಳುವ ಕ್ಷಣಗಳನ್ನು, ಸ್ವರದಿಂದ ವ್ಯಂಜನಕ್ಕೆ ಹೊರಳುವ ಕ್ಷಣಗಳನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಮುದ್ರಿಸಿಟ್ಟು, ಬರಹವು ಬಂದಂತೆ ಆ ತುಣುಕುಗಳನ್ನು ಪೋಣಿಸುವುದು. ಇಂಗ್ಲಿಷಿನಲ್ಲಿ ಬರೆದದ್ದೊಂದು ಓದುವುದೊಂದು ಆಗಿರುವುದರಿಂದ ಅದಕ್ಕೆ ದೊಡ್ಡ ನಿಘಂಟು ಬೇಕು. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಕಾಗುಣಿತದ ಕೋಷ್ಟಕವೇ ಯಂತ್ರಕ್ಕೆ ಉಚ್ಚಾರಣೆಯ ಪಾಠವೂ ಆಯಿತು. ಆ ದನಿ ಕಬ್ಬಿಣದ ದನಿ, ಭಾವವಿಲ್ಲದ ದನಿ ಎಂಬ ಆಕ್ಷೇಪಣೆ ಇತ್ತು, ಅದು ನಿಜ. ಆದರೆ ಒಂದನೆಯ ತರಗತಿಯ ಮಗುವೂ ಅಕ್ಷರ ಕೂಡಿಸಿ ಓದುವಾಗ ಹಾಗೆಯೇ ಓದುತ್ತದೆಂಬುದನ್ನು ಶಿಕ್ಷಕನು ಮರೆಯಬಾರದು.

ಸಿಂಪ್ಯೂಟರ್ ಏಕೆ ನಿಲ್ಲಲಿಲ್ಲ? ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ತಯಾರಾಗಿ 'ಅಮಿಡಾ' ಎಂಬ ಹೆಸರಿನಿಂದ ಅದು ಅಂಗಡಿಗೆ ಬಂದಾಗ ಬೆಲೆ ಹತ್ತು ಸಾವಿರ ರೂಪಾಯಿಯ ಹತ್ತಿರದಿಂದ ಮೊದಲಾಗುತ್ತಿತ್ತು. ಯಂತ್ರವನ್ನು ಓಲಾಡಿಸಿದರೆ ಪುಟ ತಿರುಗುವ ಏರ್ಪಾಡು ಅದರಲ್ಲಿತ್ತು. ಇಂಥ ಚಮತ್ಕಾರಗಳನ್ನು ಜಗತ್ತು ಅನಂತರ ಬೇರೆ ಯಂತ್ರಗಳಲ್ಲಿ ಕಂಡು ಬೆರಗಾಯಿತು. ಆದರೂ ಕೆಲವು ಸಾವಿರಕ್ಕಿಂತ ಹೆಚ್ಚು ಮಾರಾಟವಾಗಲಿಲ್ಲ. ಸರಕಾರಗಳು ನಿರೀಕ್ಷಿಸಿದಷ್ಟು ಕೊಳ್ಳಲಿಲ್ಲವೆಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಒಂದು ಕಾರಣವಿರಬಹುದು. ನಮ್ಮ ಅಭಿಪ್ರಾಯದಲ್ಲಿ ಮೂಲ ಕಾರಣ ಬೇರೆ. ಅದೇ ಹೊತ್ತಿಗೆ, ೨೦೦೩ರಲ್ಲಿ, ತಲೆಯ ಮೇಲೆ ಪುಟ್ಟ ಬ್ಯಾಟರಿ ದೀಪವಿದ್ದ ನೋಕಿಯಾ ೧೧೦೦ ಎಂಬ ಸಾದಾ ಫೋನು ಬಂದಿತು. ಅದಕ್ಕೆ ಕನ್ನಡ ಓದಿ ಹೇಳಲು ಬರುತ್ತಿರಲಿಲ್ಲ. ಆದರೆ ಅದರಲ್ಲಿ ಮಗಳ ದನಿ ಕೇಳುತ್ತಿತ್ತು, ರಾತ್ರಿ ಹೊಲಕ್ಕೆ ನೀರು ಬಿಡಲು ಹೋದಾಗ ಬೆಳಕೂ ಆಗುತ್ತಿತ್ತು. ರೈತನಿಗೆ ಯಂತ್ರ ಮಾತನಾಡುವುದು ಬೇಕಾಗಿರಲಿಲ್ಲ, ಯಂತ್ರದ ಮೂಲಕ ಮನುಷ್ಯ ಮಾತನಾಡುವುದು ಬೇಕಾಗಿತ್ತು. ಸಿಂಪ್ಯೂಟರಿನ ಮಹನೀಯರು ಅಕ್ಷರ ಬಾರದವನ ಕಣ್ಣಿನ ಕೊರತೆಯನ್ನು ನೋಡಿದರೇ ಹೊರತು ಅವನ ಮಾತಿನ ಸಂಪತ್ತನ್ನು ಅಷ್ಟಾಗಿ ನೋಡಲಿಲ್ಲವೇನೋ. ಯಂತ್ರ ಹೇಳಿದುದನ್ನು ಅವನು ಕೇಳಬೇಕು. ಅವನು ಹೇಳಿದುದನ್ನು ಕೇಳಲು ಅದಕ್ಕೆ ಕಿವಿ ಇರಲಿಲ್ಲ. ಆ ಕಾಲದ ವಿದ್ಯೆಯ ಮಿತಿ ಅದು, ಅವರನ್ನು ದೂಷಿಸಿ ಫಲವಿಲ್ಲ. ಯಂತ್ರ ಅಳಿದರೂ 'ಧ್ವನಿ' ಅಳಿಯಲಿಲ್ಲ. ಅದು ಮುಕ್ತ ತಂತ್ರಾಂಶವಾದುದರಿಂದ ಮಲಯಾಳದ ಸಂತೋಷ್ ತೊಟ್ಟಿಂಗಲ್ ಮೊದಲಾದವರು ಅದನ್ನು ಎತ್ತಿಕೊಂಡು ಮತ್ತಷ್ಟು ಭಾರತೀಯ ಭಾಷೆಗಳಿಗೆ ಬೆಳೆಸಿದರು. ಬೆಂಗಳೂರಿನಲ್ಲಿ ಕನ್ನಡ ನುಡಿಯಲು ಹುಟ್ಟಿದ್ದು ಕೇರಳದವರ ಕೈಯಲ್ಲಿ ಬದುಕಿತೆಂಬುದನ್ನು ಕಾಸರಗೋಡಿನ ನಮ್ಮ ಬಂಧುಗಳು ಓದಿ ಮುಗುಳ್ನಗಬಹುದು.

ಮಾತೇ ಸಂಪತ್ತೆಂಬುದನ್ನು ಅರಿತವರೂ ಇದ್ದರು. ೨೦೧೦ರಲ್ಲಿ ಶುಭ್ರಾಂಶು ಚೌಧರಿ ಎಂಬ ಪತ್ರಕರ್ತರು ಛತ್ತೀಸಗಡದ ಗೊಂಡಿ ಮುಂತಾದ ಭಾಷೆಗಳ ಜನರಿಗಾಗಿ 'ಸಿಜಿನೆಟ್ ಸ್ವರ' ಎಂಬುದನ್ನು ತೊಡಗಿದರು. ಸಾದಾ ಫೋನಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ ಊರಿನ ಸುದ್ದಿಯನ್ನೋ ದೂರನ್ನೋ ತಮ್ಮ ನುಡಿಯಲ್ಲಿ ಹೇಳಿ ಮುದ್ರಿಸುವುದು. ಬೇರೆಯವರು ಕರೆ ಮಾಡಿ ಅದನ್ನು ಕೇಳುವುದು. ಯಂತ್ರಕ್ಕೆ ಗೊಂಡಿ ತಿಳಿಯಬೇಕಾಗಿರಲಿಲ್ಲ, ಹೊತ್ತೊಯ್ದರೆ ಸಾಕಾಗಿತ್ತು. ೨೦೧೩ರಲ್ಲಿ ವಾಟ್ಸಾಪಿನಲ್ಲಿ ಧ್ವನಿಸಂದೇಶ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಇದೇ ಆಯಿತು. ಮಗನಿಗೆ ಕಾಗದ ಬರೆಸಲು ಹಿಂದೆ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತುಕೊಳ್ಳುತ್ತಿದ್ದ ಆಯಿಗಳು ಈಗ ಗುಂಡಿಯೊತ್ತಿ ತಾವೇ ಹೇಳಿ ಕಳುಹಿಸುತ್ತಾರೆ. ಕಾಗದ ಬರೆಯುತ್ತಿದ್ದ ಕಾಲದಲ್ಲಿ ಅವರು "ಯಪ್ಪಾ, ಹ್ಯಾಂಗದಿ?" ಎಂದು ಹೇಳಿದುದನ್ನು ನಾವು "ನೀನು ಕ್ಷೇಮವೆಂದು ನಂಬಿರುತ್ತೇನೆ" ಎಂದು ತಿದ್ದಿ ಬರೆಯುತ್ತಿದ್ದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಒಳ್ಳೆಯದು. ಕಣ್ಣಿಲ್ಲದವರಿಗೆ ಆದ ಉಪಕಾರವಂತೂ ಇನ್ನೂ ದೊಡ್ಡದು. ೨೦೦೯ರಿಂದೀಚೆಗೆ ಮೊಬೈಲುಗಳೊಳಗೇ ಪರದೆಯನ್ನು ಓದಿ ಹೇಳುವ ಸೌಕರ್ಯ ಕೂಡಿಬಂದಿತು.

ಕೇಳುವ ವಿದ್ಯೆ ಕೈಯಂತ್ರಕ್ಕೆ ಬಂದ ಬಗೆ ಸ್ವಲ್ಪ ವಿಚಿತ್ರವಾದುದು. ೨೦೦೮ರಲ್ಲಿ ಗೂಗಲ್ ಸಂಸ್ಥೆಯವರು ಫೋನಿನಲ್ಲಿ ಮಾತಿನ ಹುಡುಕಾಟವನ್ನು ತಂದಾಗ ಫೋನು ಬರಿಯ ಕಿವಿಯಾಗಿತ್ತು. ಬುದ್ಧಿಯು ಎಲ್ಲಿಯೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿತ್ತು. ದನಿ ಅಲ್ಲಿಗೆ ಹೋಗಿ ಅಕ್ಷರವಾಗಿ ಹಿಂದಿರುಗುತ್ತಿತ್ತು. ೨೦೧೧ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆಯ ಫೋನಿನೊಳಗೆ 'ಸಿರಿ' ಕಾಣಿಸಿಕೊಂಡು, ಕೇಳಿದ ಪ್ರಶ್ನೆಗೆ ಬಾಯಿಮಾತಿನ ಉತ್ತರವನ್ನು ಕೊಟ್ಟಿತು. ೨೦೧೨ರ ಸುಮಾರಿಗೆ ಜೆಫ್ರಿ ಹಿಂಟನ್ ಮೊದಲಾದವರು ತೋರಿಸಿದ ನರಜಾಲದ ಕ್ರಮದಿಂದ ತಪ್ಪುಗಳು ಒಮ್ಮೆಲೇ ಇಳಿದವು. ೨೦೧೯ರಲ್ಲಿ, ಮೊದಲು ಇಂಗ್ಲಿಷಿಗೆ, ಬುದ್ಧಿಯೂ ಫೋನಿನೊಳಗೇ ಬಂದು ಕುಳಿತಿತು. ಕನ್ನಡದ ಸರದಿ ಬಂದುದು ೨೦೧೭ರ ಆಗಸ್ಟಿನಲ್ಲಿ. ಆಗ ಗೂಗಲ್ ಮಾತಿನ ಬರವಣಿಗೆಗೆ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳಂ, ಗುಜರಾತಿ, ಬಂಗಾಳಿ, ಉರ್ದು ಎಂಟೂ ಒಟ್ಟಿಗೆ ಸೇರಿದವು. ಗಡಿಯ ಈಚೆ ಆಚೆಯ ನುಡಿಗಳು ಒಂದೇ ದಿನ ಒಂದೇ ಬಾಗಿಲಿನಿಂದ ಒಳಹೊಕ್ಕವು, ವ್ಯಾಜ್ಯಕ್ಕೆ ಆಸ್ಪದವಿರಲಿಲ್ಲ.

ಕನ್ನಡವನ್ನು ನುಡಿಯುವುದು ಯಂತ್ರಕ್ಕೆ ಎಷ್ಟು ಸುಲಭವೋ ಕೇಳುವುದು ಅಷ್ಟೇ ಕಷ್ಟ. ಇಂಗ್ಲಿಷಿನಲ್ಲಿ ನಾಲ್ಕೈದು ಬಿಡಿ ಶಬ್ದಗಳಾಗುವುದು ನಮ್ಮಲ್ಲಿ 'ಹೋಗಬೇಕಾಗಿತ್ತಂತೆ' ಎಂದು ಒಂದೇ ಉಸಿರಾಗಿ ಬರುತ್ತದೆ. ಒಂದೊಂದು ಧಾತುವಿಗೂ ಹುಟ್ಟುವ ರೂಪಗಳನ್ನು ಪಟ್ಟಿಮಾಡಿ ಮುಗಿಸಲಾಗದು. ಇದರ ಮೇಲೆ ಪ್ರಾಂತಭೇದ. ಶಿಷ್ಟ ಕನ್ನಡದ ಮನೆ, ಮಳೆ, ಕತೆಗಳು ನಮ್ಮ ಕಡೆ ಮನಿ, ಮಳಿ, ಕತಿ ಆಗುತ್ತವೆ; ಕ್ರಿಯಾಪದಗಳು ಬೇರೆಯೇ ಮೈ ತಾಳುತ್ತವೆ; ನಡುವೆ ಮರಾಠಿಯ ಶಬ್ದಗಳು ನಿಸ್ಸಂಕೋಚವಾಗಿ ಬಂದು ಕೂಡುತ್ತವೆ. ನಾವು ಒಂಬತ್ತನೆಯ ತರಗತಿಯ ಮಕ್ಕಳೊಡನೆ ಒಂದು ಮಧ್ಯಾಹ್ನ ಇದನ್ನು ಪರೀಕ್ಷಿಸಿ ನೋಡಿದೆವು. "ಮಳಿ ಬಂತು" ಎಂದರೆ ಫೋನು ಒಮ್ಮೆ ತಾನಾಗಿಯೇ 'ಮಳೆ ಬಂತು' ಎಂದು ತಿದ್ದಿ ಬರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. "ನಮ್ಮ ಮನಿ ಕಡೀಕ ಅದ" ಎಂದಾಗ ಬಂದುದು ಇಂಗ್ಲಿಷಿನ ಹಣ ಮತ್ತು ಇನ್ನೇನೋ. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗಿ ಮಾತ್ರ ನಗದೆ, "ಸರ್, ನಾವು ತಪ್ಪ ಮಾತಾಡ್ತೀವೇನ್ರಿ?" ಎಂದು ಕೇಳಿದಳು. ಕೆಂಪು ಮಸಿಯಿಂದ ಅವಳ 'ಮನಿ'ಯನ್ನು 'ಮನೆ'ಯೆಂದು ಎಷ್ಟೋ ಸಲ ತಿದ್ದಿದವರು ನಾವೇ. ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ, ಎರಡೂ ಸರಿ ಎಂದು ಹೇಳಿದೆವು. ಹೇಳಿದಷ್ಟು ಸುಲಭವಾಗಿ ಅವಳು ಒಪ್ಪಿದಂತೆ ಕಾಣಲಿಲ್ಲ.

ಈ ಕೊರತೆಯನ್ನು ಬಲ್ಲವರು ಗಮನಿಸದೆ ಇಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಶಾಂತ ಕುಮಾರ್ ಘೋಷ್ ಅವರ ಬಳಗವು 'ರೆಸ್ಪಿನ್' ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಪ್ರಾಂತಭೇದಗಳನ್ನು, ಬೇಸಾಯ ಮತ್ತು ಹಣಕಾಸಿನ ಮಾತುಗಳನ್ನು ಆಯ್ದುಕೊಂಡು ಮುದ್ರಿಸಿದೆ. ೨೦೨೨ರಲ್ಲಿ ಕೇಂದ್ರ ಸರಕಾರದ 'ಭಾಷಿಣಿ' ಆರಂಭವಾಯಿತು. ಅದೇ ವರ್ಷ ಪ್ರಕಟವಾದ 'ವಾಣಿ' ಯೋಜನೆಯು ದೇಶದ ೭೭೩ ಜಿಲ್ಲೆಗಳಿಂದ ಜನರ ಸಹಜ ಮಾತನ್ನು ಸಂಗ್ರಹಿಸುವ ಗುರಿಯನ್ನಿಟ್ಟುಕೊಂಡಿತು. ರಾಜ್ಯವನ್ನಲ್ಲ, ಭಾಷೆಯನ್ನೂ ಅಲ್ಲ, ಜಿಲ್ಲೆಯನ್ನು ಘಟಕವಾಗಿ ಹಿಡಿದುದು ನಮಗೆ ಬಹಳ ಸರಿಯೆನಿಸಿತು. ಆದರೆ ಸಂಗ್ರಾಹಕನು ಸೊಲ್ಲಾಪುರ ಜಿಲ್ಲೆಗೆ ಬಂದಾಗ ಪಟ್ಟಣದಲ್ಲಿಯೇ ನಿಂತು ಮರಾಠಿಯನ್ನು ಮಾತ್ರ ಮುದ್ರಿಸಿಕೊಂಡು ಹೋದರೆ? ಸಾಂಗಲಿಯೆಂದರೆ ಜತ್ತವೂ ಅದರಲ್ಲಿದೆಯೆಂದು, ಕರ್ನೂಲಿನ ಸೀಮೆಯೆಂದರೆ ಆದವಾನಿಯೂ ಅದರೊಡನೆ ಇದ್ದುದೆಂದು, ಈರೋಡೆಂದರೆ ತಾಳವಾಡಿಯೂ ಸೇರಿತೆಂದು ಅವನಿಗೆ ಹೇಳುವವರು ಯಾರು? ಕನ್ನಡದ ಮಾತಿಗಾಗಿ ಹೊರಟವನು ಕರ್ನಾಟಕದ ಗಡಿಯಲ್ಲಿಯೇ ಬಂಡಿಯನ್ನು ತಿರುಗಿಸುವುದೂ, ಗಡಿಯ ಆಚೆಗೆ ಬಂದವನು ಆ ರಾಜ್ಯದ ಭಾಷೆಯನ್ನೇ ಕೇಳುವುದೂ ಸಹಜ. ೧೯೫೬ರ ಪುನರ್ವಿಂಗಡಣೆಯಲ್ಲಿ ನಮ್ಮ ಹೊಲಮನೆಗಳು ಒಂದು ಕಾಲಮ್ಮಿನಿಂದ ಜಾರಿ ಇನ್ನೊಂದಕ್ಕೆ ಬಿದ್ದವು. ಈಗ ದನಿಯ ಸರದಿ.

ಆದುದರಿಂದ ನಾವು ಮತ್ತು ನಮ್ಮ ಸಹೋದ್ಯೋಗಿಗಳಿಬ್ಬರು ಒಂದು ಕೆಲಸವನ್ನು ಹಿಡಿದಿದ್ದೇವೆ. ಮಕ್ಕಳು ತಂತಮ್ಮ ಮನೆಯ ಹಿರಿಯರನ್ನು ಮಾತನಾಡಿಸಿ, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿಯೇ ಮುದ್ರಿಸಿ ತರುತ್ತಾರೆ. ಬಿತ್ತನೆ, ಬೆಳೆಯ ರೋಗ, ಸಂತೆಯ ಧಾರಣಿ, ಜಾತ್ರೆ, ಬೀಗರು, ಬೇನೆ, ಇಂಥ ವಿಷಯಗಳು. ದನಿಯ ಎದುರಿಗೆ ಅವರು ಆಡಿದುದನ್ನು ಆಡಿದಂತೆಯೇ ಬರೆಯಬೇಕು, 'ಮಳಿ'ಯನ್ನು 'ಮಳೆ' ಮಾಡಕೂಡದು; ಅದರ ಕೆಳಗೆ ಗ್ರಂಥಕನ್ನಡದ ರೂಪವನ್ನು ಬೇರೆಯಾಗಿ ಬರೆಯಬೇಕು. ಹೀಗೆ ಎರಡು ಸಾಲಾಗಿ ಬರೆದುದೇ ಯಂತ್ರಕ್ಕೆ ಕಲಿಸುವವರಿಗೆ ಬೇಕಾದುದೆಂದು ತಿಳಿದವರು ಹೇಳುತ್ತಾರೆ. ಮೊದಮೊದಲು ಮಕ್ಕಳು ಅಭ್ಯಾಸಬಲದಿಂದ ತಿದ್ದಿಬಿಡುತ್ತಿದ್ದರು. ಆಮೇಲೆ ಅಜ್ಜಿ ಆಡಿದ ಶಬ್ದ ಯಾವುದೆಂದು ಎರಡೆರಡು ಸಲ ಕೇಳಿ ಬರೆಯತೊಡಗಿದರು. ಶುದ್ಧಲೇಖನಕ್ಕೆ ಇದರಿಂದ ಹಾನಿಯೆಂದು ಒಬ್ಬ ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಎರಡನೆಯ ಸಾಲನ್ನು ಬರೆಯುವಾಗ ಮಕ್ಕಳು ಹಿಂದಿಗಿಂತ ಎಚ್ಚರದಿಂದ ಬರೆಯುವುದನ್ನು ನಾವು ಕಂಡಿದ್ದೇವೆ. ಆದರೂ ಅವರ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕಲು ಇನ್ನೊಂದು ವರ್ಷದ ಉತ್ತರಪತ್ರಿಕೆಗಳನ್ನು ನೋಡಬೇಕು. ಆದವಾನಿ, ರಾಯದುರ್ಗ, ಹೊಸೂರು, ಕಾಸರಗೋಡುಗಳ ಮಿತ್ರರು ತಂತಮ್ಮಲ್ಲಿ ಇಂಥದನ್ನು ಕೈಗೊಂಡರೆ ಬರಹದ ಕ್ರಮ ಒಂದೇ ಆಗಿರುವುದು ಮೇಲು. ನಮ್ಮ ಪಟ್ಟಿಯ ಪ್ರತಿಯನ್ನು ಕಳುಹಿಸಲು ನಾವು ಸಿದ್ಧರಿದ್ದೇವೆ.

ನಮ್ಮ ಸಂಗ್ರಹದ ಮೊದಲನೆಯ ದನಿ ದಾಖಲೆಗೆ ಬಂದಿದ್ದ ಆ ಮುದುಕರದೇ. ತೊಗರಿಯ ಧಾರಣಿಯನ್ನು ಕೇಳಿದ ವಾಕ್ಯವನ್ನು ಇನ್ನೊಮ್ಮೆ ಹೇಳಿರೆಂದರೆ, ಒಂದು ವಾಕ್ಯಕ್ಕೆ ನಿಲ್ಲದೆ, ಅರ್ಧ ಗಂಟೆ ತೊಗರಿಯ ಕಥೆಯನ್ನೇ ಹೇಳಿದರು. ಅದನ್ನು ಎರಡು ಸಾಲಾಗಿ ಬರೆಯುವ ಕೆಲಸವನ್ನು ಮೊಮ್ಮಗನೇ ವಹಿಸಿಕೊಂಡಿದ್ದಾನೆ. ಅವನೀಗ ಪಟ್ಟಣದ ಶಾಲೆಯಲ್ಲಿದ್ದಾನೆ. ರವಿವಾರ ಊರಿಗೆ ಬಂದಾಗ ನಮ್ಮಲ್ಲಿಗೆ ಬಂದು ಕುಳಿತು ಬರೆಯುತ್ತಾನೆ. ಏಳು ನಿಮಿಷದಷ್ಟು ಮುಗಿದಿದೆ.